ಮಾಡುವ ವಸ್ತು ಹೋದರೆ ಕಸುಬೂ ಹೋಗುತ್ತದೆಯೇ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಹನ್ನೆರಡು ಮಂದಿ ಕೆಲಸಗಾರರಿದ್ದಾರೆ. ದ್ವಿಚಕ್ರ ವಾಹನಗಳ ಎಂಜಿನ್ನಿಗೆ ಬೇಕಾದ ವಾಲ್ವ್ ಗೈಡ್‌ಗಳನ್ನು 19 ವರ್ಷಗಳಿಂದ ಮಾಡಿಕೊಡುತ್ತಿದ್ದೇನೆ. ನಮ್ಮ ತಂದೆಯವರು ಕೊಂಡಿದ್ದ ಹರಿಹರದ ಕಿರ್ಲೋಸ್ಕರ್ ಲೇತ್ ಈಗಲೂ ಟೂಲ್ ರೂಮಿನಲ್ಲಿ ಓಡುತ್ತದೆ. ಎಲೆಕ್ಟ್ರಿಕ್ ಸ್ಕೂಟರಿಗೆ ಎಂಜಿನ್ನೇ ಇಲ್ಲದ ಮೇಲೆ ವಾಲ್ವ್ ಗೈಡ್ ಯಾರಿಗೆ ಬೇಕು ಎಂಬ ಚಿಂತೆ ಹತ್ತಿದೆ. ಎಂಜಿನಿಯರಿಂಗ್ ಓದುತ್ತಿರುವ ಮಗಳು ನೊಕಿಯಾ, ನಿಂಟೆಂಡೊ, ಟೊಯೋಟಾಗಳ ಉದಾಹರಣೆ ಕೊಟ್ಟು, ದೊಡ್ಡವರೆಲ್ಲ ಹಳೆಯದನ್ನು ಬಿಟ್ಟು ಹೊಸದಕ್ಕೆ ಹಾರಿಯೇ ಬೆಳೆದರು, ನೀವೂ ಶಾಪ್ ಮಾರಿಬಿಡಿ ಎನ್ನುತ್ತಾಳೆ. ಹೀಗೆ ದಾರಿ ಬದಲಿಸಿದವರು ನಿಜವಾಗಿ ಇದ್ದಾರೆಯೇ, ಅಥವಾ ಇವೆಲ್ಲ ಗೆದ್ದ ಮೇಲೆ ಕಟ್ಟಿದ ಕಥೆಗಳೇ? ನಮ್ಮ ಬೆಂಗಳೂರಿನಲ್ಲೇ ಅಂಥವರು ಯಾರಾದರೂ ಇದ್ದರೆ ತಿಳಿಸಿ.

ಉತ್ತರ: ಇದ್ದಾರೆ, ಮತ್ತು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ನಿಮ್ಮ ಮಗಳು ಒಟ್ಟಿಗೆ ಹೇಳಿದ ಮೂರು ಹೆಸರುಗಳನ್ನು ನಾನು ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ನೊಕಿಯಾ 1865ರಲ್ಲಿ ಫಿನ್ಲೆಂಡಿನಲ್ಲಿ ಕಾಗದದ ತಿರುಳು ಮಾಡುವ ಗಿರಣಿಯಾಗಿ ಆರಂಭವಾಯಿತು. ನಿಂಟೆಂಡೊ 1889ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುತ್ತಿತ್ತು. ಕೇಳುವುದಕ್ಕೆ ಸೋಜಿಗದ ಸಂಗತಿಗಳೇ ಆದರೂ ಅಲ್ಲಿ ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟಿದ್ದು ಹೆಚ್ಚಾಗಿ ಕಂಪನಿಯ ಹೆಸರು ಮತ್ತು ಹಣ. ತಿರುಳು ಬೇಯಿಸುತ್ತಿದ್ದವನ ಕೈಯ ಅನುಭವ ಮೊಬೈಲ್ ಫೋನಿಗೆ ಹೋಗಲಿಲ್ಲ. ನಮ್ಮವರೇ ಆದ ವಿಪ್ರೊ ಕೂಡ ಬಹುಮಟ್ಟಿಗೆ ಇದೇ ಬಗೆಯದು: 1945ರಲ್ಲಿ ಮಹಾರಾಷ್ಟ್ರದ ಅಮಳನೇರಿನಲ್ಲಿ ವನಸ್ಪತಿ ಮಾಡಲು ಹುಟ್ಟಿದ ಕಂಪನಿ, 1977ರಲ್ಲಿ ಐಬಿಎಂ ಭಾರತವನ್ನು ಬಿಟ್ಟು ಹೋದ ಮೇಲೆ ತೆರವಾದ ಜಾಗವನ್ನು ಕಂಡು ಕಂಪ್ಯೂಟರಿನತ್ತ ತಿರುಗಿತು. ಕೈಯಲ್ಲಿ ಬಂಡವಾಳ ಇದ್ದವರಿಗೆ ಆ ದಾರಿ ಸಾಧ್ಯ. ಹನ್ನೆರಡು ಮಂದಿಗೆ ತಿಂಗಳ ಸಂಬಳ ಹೊಂದಿಸಬೇಕಾದ ನಿಮಗೆ ಬೇಕಾದ ಕಥೆಗಳು ಬೇರೆ. ಮಾರುವ ವಸ್ತು ಬದಲಾದರೂ ಕೈಯ ಕಸುಬು ಜೊತೆಯಲ್ಲೇ ದಾಟಿ ಬಂದ ಕಥೆಗಳು ಬೇಕು. ಟೊಯೋಟಾದ್ದು ಅಂಥದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ದಾರಿಯಲ್ಲೇ ಸಿಗುವ ಎರಡನ್ನು ಹೇಳುತ್ತೇನೆ.

ನೀವು ಪೀಣ್ಯದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್ ಕಡೆಗೆ ಹೊರಟರೆ, ಯಶವಂತಪುರ ದಾಟಿದ ಕೂಡಲೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ನಿಲ್ದಾಣ ಬರುತ್ತದೆ. ಆ ಕಾರ್ಖಾನೆಯ ಮೂಲದಲ್ಲಿರುವುದು ಸೋಪು ಮಾಡಬೇಕೆಂಬ ಯಾರದೋ ಕನಸಲ್ಲ, ಮಾರಾಟವಾಗದೆ ರಾಶಿ ಬಿದ್ದ ಮರ. ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧ ಸರ್ಕಾರದ ಸ್ವತ್ತಾಗಿತ್ತು. ಕೊರಡುಗಳನ್ನು ಹರಾಜು ಹಾಕಿ ಹೊರದೇಶಕ್ಕೆ ಕಳಿಸುವುದು, ಅಲ್ಲಿ, ಅದರಲ್ಲೂ ಜರ್ಮನಿಯಲ್ಲಿ, ಎಣ್ಣೆ ತೆಗೆಯುವುದು, ಲಾಭದ ಕೆನೆಯೆಲ್ಲ ಅಲ್ಲಿಯವರಿಗೆ ಹೋಗುವುದು, ಹೀಗೆ ವ್ಯವಹಾರ ನಡೆದುಕೊಂಡು ಬಂದಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಕೊಳ್ಳುವವರೇ ಶತ್ರುದೇಶದವರಾದರು, ಹಡಗುಗಳು ನಿಂತವು, ಅರಣ್ಯ ಇಲಾಖೆಯ ಆದಾಯದ ದೊಡ್ಡ ಪಾಲೊಂದು ಕೊರಡುಗಳ ರೂಪದಲ್ಲಿ ಹಾಗೆಯೇ ಬಿದ್ದುಕೊಂಡಿತು.

ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಯಶವಂತಪುರದ ಪಕ್ಕದಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಊರಿನವರು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆ ಆಗಷ್ಟೇ ಪಾಠ ಶುರುಮಾಡಿ ನಾಲ್ಕಾರು ವರ್ಷಗಳಾಗಿದ್ದವು. ಅಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಪ್ರಯೋಗಾಲಯದಲ್ಲಿ ಗಂಧದೆಣ್ಣೆಯನ್ನು ಬಟ್ಟಿ ಇಳಿಸಿ ತೋರಿಸಿದರು. ಕೈಗಾರಿಕೆಗಳ ಹೊಣೆ ಹೊತ್ತಿದ್ದ ಆಲ್‌ಫ್ರೆಡ್ ಚಾಟರ್ಟನ್ ಆ ಕೆಲಸಕ್ಕೆ ಬೆನ್ನು ಕೊಟ್ಟು ನಿಂತರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆ ಎದ್ದಿತು, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಮರದ ಚೇಗನ್ನು, ಬೇರನ್ನು ಪುಡಿಮಾಡಿ, ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿ, ನೀರಿನ ಮೇಲೆ ತೇಲಿ ನಿಂತ ಎಣ್ಣೆಯನ್ನು ಬೇರ್ಪಡಿಸಬೇಕು. ಹೇಳಲು ಒಂದೇ ವಾಕ್ಯ. ಮಾಡುವಾಗ ಗಂಧ ತನ್ನ ಎಣ್ಣೆಯನ್ನು ಬಹಳ ನಿಧಾನವಾಗಿ ಬಿಟ್ಟುಕೊಡುತ್ತದೆ, ಒಂದು ಪಾತ್ರೆಗೆ ತುಂಬಿದ ಪುಡಿಗೆ ದಿನಗಟ್ಟಲೆ ಹಬೆ ಕೊಡಬೇಕಾಗುತ್ತದೆ, ಉರಿ ಹೆಚ್ಚಾದರೆ ಪರಿಮಳ ಕೆಡುತ್ತದೆ.

ಸೋಪು ಬಂದದ್ದು ಆಮೇಲೆ. ಫ್ರಾನ್ಸಿನಿಂದ ಬಂದ ಅತಿಥಿಗಳು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಗಂಧದೆಣ್ಣೆಯ ಸೋಪುಗಳನ್ನು ಕಾಣಿಕೆಯಾಗಿ ಕೊಟ್ಟರೆಂದೂ, ನಮ್ಮ ಎಣ್ಣೆಯಿಂದ ಅವರು ಸೋಪು ಮಾಡುವುದಾದರೆ ನಾವೇ ಏಕೆ ಮಾಡಬಾರದು ಎಂಬ ಮಾತು ಅಲ್ಲಿಂದ ಹುಟ್ಟಿತೆಂದೂ ಹೇಳುತ್ತಾರೆ. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಆ ವಿದ್ಯೆ ಕಲಿತು ಬರಲು ಇಂಗ್ಲೆಂಡಿಗೆ ಕಳಿಸಲಾಯಿತು. ಮುಂದೆ ಅವರು ಜನರ ಬಾಯಲ್ಲಿ ಸೋಪು ಶಾಸ್ತ್ರಿಗಳೇ ಆಗಿಹೋದರು. ಎಲ್ಲರೂ ಚೌಕಾಕಾರದ ಸೋಪು ಮಾಡುತ್ತಿದ್ದಾಗ ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಅದರ ಮೇಲೆ ಸಿಂಹದ ಮೈಗೆ ಆನೆಯ ತಲೆಯಿರುವ ಶರಭನ ಲಾಂಛನ, ಇಷ್ಟನ್ನೂ ಒಂದು ಸರ್ಕಾರಿ ಕಾರ್ಖಾನೆ ನೂರು ವರ್ಷಗಳ ಹಿಂದೆ ಯೋಚಿಸಿತ್ತು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ. ನಿಮ್ಮ ದೃಷ್ಟಿಯಿಂದ ಇಲ್ಲಿ ನೋಡಬೇಕಾದ್ದು ಒಂದು. ಮರ ಮಾರುವವರು ಎಣ್ಣೆ ಮಾಡುವವರಾದದ್ದು, ಎಣ್ಣೆ ಮಾಡುವವರು ಸೋಪು ಮಾಡುವವರಾದದ್ದು, ಒಂದೊಂದೂ ಒಂದೇ ಮೆಟ್ಟಿಲಿನ ಏರಿಕೆ. ಅದಕ್ಕೂ ಪಕ್ಕದಲ್ಲೊಂದು ಪ್ರಯೋಗಾಲಯ, ಬೆನ್ನ ಹಿಂದೆ ಒಂದು ಸಂಸ್ಥಾನ ಬೇಕಾದವು. ಈ ಎರಡನೆಯ ಭಾಗವನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ.

ಇನ್ನೊಂದು ಕಥೆಯ ಒಳಗೇ ನೀವು ಕುಳಿತಿರುತ್ತೀರಿ. ನಮ್ಮ ಮೆಟ್ರೊದ ಮೊದಲ ಹಂತದ ಬೋಗಿಗಳನ್ನು ಕೊರಿಯಾದ ಹ್ಯೂಂಡೈ ರೋಟೆಮ್ ಜೊತೆಗೂಡಿ ಕೊಟ್ಟದ್ದು ಬೆಂಗಳೂರಿನ ಬೆಮೆಲ್. ಆ ಬೆಮೆಲ್ 1964ರಲ್ಲಿ ಹುಟ್ಟಿದಾಗ ತವರಿನಿಂದ ತಂದ ಬಳುವಳಿ ಎಂದರೆ ಎಚ್‌ಎಎಲ್‌ನ ರೈಲುಬೋಗಿ ವಿಭಾಗ. ವಿಮಾನ ಮಾಡುವ ಎಚ್‌ಎಎಲ್‌ಗೆ ರೈಲುಬೋಗಿಯ ವಿಭಾಗ ಏಕಿತ್ತು ಎಂದು ಕೇಳಿದರೆ ಅಲ್ಲಿ ಕಥೆ ತೆರೆದುಕೊಳ್ಳುತ್ತದೆ.

ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ 1939ರಲ್ಲಿ ಅಮೆರಿಕಕ್ಕೆ ಹೋಗಿದ್ದು ಭಾರತದಲ್ಲಿ ಕಾರು ಮಾಡುವ ಮಾತುಕತೆಗಾಗಿ. ಹಿಂತಿರುಗುವಾಗ ವಿಮಾನದಲ್ಲಿ ಅವರಿಗೆ ಭೇಟಿಯಾದವರು ಚೀನಾದಲ್ಲಿ ವಿಮಾನ ತಯಾರಿಸುತ್ತಿದ್ದ ವಿಲಿಯಂ ಪಾವ್ಲಿ. ಅಲ್ಲಿ ಬಿದ್ದ ಬೀಜ 1940ರ ಡಿಸೆಂಬರಿನಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್, ಆಗಿ ಮೊಳೆಯಿತು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಮೈಸೂರು ಸರ್ಕಾರ ಜಮೀನನ್ನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಮರುವರ್ಷವೇ ಇಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು. ಆದರೆ 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಯುದ್ಧದ ಉಳಿದ ಕಾಲವೆಲ್ಲ ಅಮೆರಿಕದ ಸೇನಾ ವಿಮಾನಗಳ ರಿಪೇರಿಯಲ್ಲೇ ಕಳೆಯಿತು. ಅಲ್ಲಿ ದುಡಿದ ಸ್ಥಳೀಯ ಕೆಲಸಗಾರರು ಬಡಗಿ, ಕಮ್ಮಾರ, ಫಿಟ್ಟರ್ ಕೆಲಸಗಳಿಂದ ಬಂದು ವಿಮಾನದ ತಗಡನ್ನು ಬಾಗಿಸುವುದನ್ನು, ರಿವೆಟ್ ಹೊಡೆಯುವುದನ್ನು, ಹೊಡೆದದ್ದನ್ನು ಒಂದೊಂದಾಗಿ ತಪಾಸಣೆ ಮಾಡುವುದನ್ನು ಕಲಿತರು.

1945ರಲ್ಲಿ ಯುದ್ಧ ಮುಗಿಯಿತು. ಅದರೊಂದಿಗೆ ಕೆಲಸವೂ ಮುಗಿಯಿತು. ನಿಮ್ಮ ಇವತ್ತಿನ ಚಿಂತೆಯೇ, ಸಾವಿರಾರು ಜನರ ಗಾತ್ರದಲ್ಲಿ. ವಿಮಾನಕ್ಕೆ ಗಿರಾಕಿ ಇಲ್ಲದ ಆ ದಿನಗಳಲ್ಲಿ ಕಾರ್ಖಾನೆ ತನ್ನ ಕೆಲಸಗಾರರಿಗೆ ಏನು ಬರುತ್ತದೆ ಎಂದು ನೋಡಿಕೊಂಡಿತು. ತಗಡು ಬಾಗಿಸುವುದು, ಹಗುರವಾಗಿಯೂ ಗಟ್ಟಿಯಾಗಿಯೂ ಒಂದು ಕೋಶವನ್ನು ಕಟ್ಟುವುದು ಅವರಿಗೆ ಬರುತ್ತಿತ್ತು. ರೈಲ್ವೆಗೆ ಆಗ ಪೂರ್ತಿ ಲೋಹದ ಬೋಗಿಗಳು ಬೇಕಾಗಿದ್ದವು. ಬಸ್ಸುಗಳಿಗೆ ಬಾಡಿ ಕಟ್ಟುವವರು ಬೇಕಾಗಿದ್ದರು. ವಿಮಾನದ ಕಾರ್ಖಾನೆ ಹಲವು ವರ್ಷ ಆ ಎರಡನ್ನೂ ಮಾಡಿತು. ಮುಂದೆ ವಿಮಾನದ ಕೆಲಸ ತಿರುಗಿ ಬಂದಾಗ ಕೈಪಳಗಿದ ಜನ ಅಲ್ಲೇ ಇದ್ದರು. ಬೋಗಿಯ ಕೆಲಸವೂ ಸಾಯದೆ, ಬೇರೆ ಕಂಪನಿಯಾಗಿ ಬೆಳೆದು, ಈಗ ನಿಮ್ಮನ್ನು ಪೀಣ್ಯದಿಂದ ಮೆಜೆಸ್ಟಿಕ್‌ಗೆ ಕರೆದೊಯ್ಯುತ್ತಿದೆ.

ಇವೆಲ್ಲ ಆಮೇಲೆ ಕಟ್ಟಿದ ಕಥೆಗಳೇ ಎಂಬ ನಿಮ್ಮ ಸಂಶಯ ನ್ಯಾಯವಾದದ್ದೇ. ಅದಕ್ಕೊಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಅಲ್ಮನ್ ಸ್ಟ್ರೌಜರ್ ಎಂಬವನು ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯಲ್ಲಿದ್ದ. ಟೆಲಿಫೋನ್ ಆಪರೇಟರ್ ಆಗಿದ್ದ ಹೆಂಗಸೊಬ್ಬಳು ಅವನಿಗೆ ಬರುವ ಕರೆಗಳನ್ನೆಲ್ಲ ಅದೇ ವೃತ್ತಿಯ ತನ್ನ ಗಂಡನಿಗೆ ತಿರುಗಿಸುತ್ತಿದ್ದಳಂತೆ. ಆ ಸಿಟ್ಟಿನಲ್ಲಿ ಅವನು ಆಪರೇಟರೇ ಬೇಕಿಲ್ಲದ ಸ್ವಯಂಚಾಲಿತ ಎಕ್ಸ್‌ಚೇಂಜ್ ಕಂಡುಹಿಡಿದನಂತೆ. 1891ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದ್ದು, ಮರುವರ್ಷ ಇಂಡಿಯಾನಾದ ಲಾ ಪೋರ್ಟ್ ಊರಿನಲ್ಲಿ ಮೊದಲ ಎಕ್ಸ್‌ಚೇಂಜ್ ನಡೆದದ್ದು ಖಚಿತ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ದೂರವಾಣಿನಗರದಲ್ಲಿ ಅದೇ ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜ್‌ಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟದ್ದೂ ಖಚಿತ. ಆಪರೇಟರ್ ಹೆಂಗಸಿನ ಭಾಗ ಮಾತ್ರ ಬಾಯಿಂದ ಬಾಯಿಗೆ ಬಂದದ್ದು. ಅದನ್ನು ನಂಬಿ ಯಾರೂ ವ್ಯಾಪಾರದ ನಿರ್ಧಾರ ಮಾಡಬಾರದು. ಆ ಕ್ಷೇತ್ರದ ಗಂಧಗಾಳಿ ಇಲ್ಲದವನೊಬ್ಬ ಗೆದ್ದ ಕಥೆ ನೆನಪಿನಲ್ಲಿ ಉಳಿಯುವುದು ಅದು ಅಪರೂಪವಾದ್ದರಿಂದ. ಅವನು ತನ್ನ ಪೇಟೆಂಟುಗಳನ್ನು 1896ರಲ್ಲಿ ಕೇವಲ 1,800 ಡಾಲರಿಗೆ ಬಿಟ್ಟುಕೊಟ್ಟ ಎಂಬುದನ್ನು ಕಥೆ ಹೇಳುವವರು ಹೇಳುವುದು ಕಡಿಮೆ.

ಈಗ ಟೊಯೋಟಾ. ಸಾಕಿಚಿ ಟೊಯೋಡಾ 1867ರಲ್ಲಿ ಹುಟ್ಟಿದ ಬಡಗಿಯ ಮಗ. ಹಳ್ಳಿಯ ಹೆಂಗಸರು ಕೈಮಗ್ಗದ ಮುಂದೆ ಪಡುವ ಪಾಡನ್ನು ನೋಡಿ, ಒಂದೇ ಕೈಯಿಂದ ನಡೆಸಬಹುದಾದ ಮರದ ಮಗ್ಗಕ್ಕೆ 1891ರಲ್ಲಿ ಪೇಟೆಂಟ್ ಪಡೆದ. ಆಮೇಲಿನ ಮೂವತ್ತಕ್ಕೂ ಹೆಚ್ಚು ವರ್ಷ ಅವನು ಹಿಡಿದದ್ದು ಅದೇ ಮಗ್ಗದ ಜಾಡನ್ನು. ಅವನ ತಲೆಯಲ್ಲಿದ್ದ ಪ್ರಶ್ನೆ ಎಂಥದೆಂಬುದು ನನಗೆ ಅರ್ಥವಾದದ್ದು ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿನಲ್ಲಿ. ಮಾತು ಕೇಳಿಸದಷ್ಟು ಸದ್ದು. ಲಾಳಿ ಅತ್ತಿಂದಿತ್ತ ಬಡಿಯುತ್ತಲೇ ಇತ್ತು. ನೇಕಾರರು ನನ್ನೊಡನೆ ಮಾತನಾಡುವಾಗಲೂ ಕಣ್ಣನ್ನು ಬಟ್ಟೆಯಿಂದ ಕೀಳಲಿಲ್ಲ. ಕಾರಣ ಕೇಳಿದರೆ, ಹಾಸಿನ ಒಂದೇ ಒಂದು ಎಳೆ ಕಡಿದದ್ದು ಗೊತ್ತಾಗದೆ ಮಗ್ಗ ಓಡಿದರೆ ಉದ್ದಕ್ಕೂ ಗೆರೆ ಬೀಳುತ್ತದೆ, ಆ ಸೀರೆಗೆ ಪೂರ್ತಿ ಬೆಲೆ ಸಿಗುವುದಿಲ್ಲ ಎಂದರು. ಅದೇ ಶೆಡ್ಡಿನ ಇನ್ನೊಂದು ಮೂಲೆಯ ಹೊಸ ಮಗ್ಗದಲ್ಲಿ ಹಾಸಿನ ಪ್ರತಿಯೊಂದು ಎಳೆಗೂ ತೆಳ್ಳನೆಯ ಲೋಹದ ಪಟ್ಟಿಯೊಂದು ತೂಗಿತ್ತು. ಎಳೆ ಕಡಿದ ಗಳಿಗೆಯಲ್ಲೇ ಪಟ್ಟಿ ಕೆಳಗೆ ಬಿದ್ದು ಮಗ್ಗ ತಾನಾಗಿ ನಿಲ್ಲುತ್ತಿತ್ತು. ಯಂತ್ರ ತನ್ನ ತಪ್ಪನ್ನು ತಾನೇ ಕಂಡು ನಿಲ್ಲಬೇಕು ಎಂಬುದೇ ಟೊಯೋಡಾ ಬದುಕಿಡೀ ಬೆನ್ನು ಹತ್ತಿದ ವಿಚಾರ. 1924ರಲ್ಲಿ ಪೂರ್ಣಗೊಂಡ ಅವನ ಸ್ವಯಂಚಾಲಿತ ಮಗ್ಗ ಲಾಳಿಯನ್ನೂ ಓಡುತ್ತಲೇ ಬದಲಿಸುತ್ತಿತ್ತು. ಒಬ್ಬರೇ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳಬಹುದಾಗಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್, ಜವಳಿ ಯಂತ್ರಗಳಲ್ಲಿ ಜಗತ್ತಿಗೇ ಗುರುವಿನಂತಿದ್ದ ಕಂಪನಿ, ಆ ಮಗ್ಗದ ಹಕ್ಕಿಗೆ 1,00,000 ಪೌಂಡ್ ಕೊಡಲು ಒಪ್ಪಿತು.

ಆ ಹಣದಿಂದಲೇ ಕಾರಿನ ಕಂಪನಿ ಹುಟ್ಟಿತು ಎಂದು ಕಥೆ ಅಲ್ಲಿಗೆ ಮುಗಿಯುತ್ತದೆ. ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ, ಏಕೆಂದರೆ ಹಣ ಇದ್ದವರು ಜಪಾನಿನಲ್ಲಿ ಬೇರೆಯವರೂ ಇದ್ದರು. ಸಾಕಿಚಿಯ ಮಗ ಕಿಇಚಿರೊ 1933ರಲ್ಲಿ ಕಾರಿನ ವಿಭಾಗವನ್ನು ತೆರೆದದ್ದು ಮಗ್ಗದ ಕಾರ್ಖಾನೆಯ ಒಳಗೇ. ಮಗ್ಗದ ಚೌಕಟ್ಟುಗಳನ್ನು ಎರಕ ಹೊಯ್ಯುತ್ತಿದ್ದ ಕುಲುಮೆಯವರೇ ಎಂಜಿನ್ನಿನ ಸಿಲಿಂಡರ್ ಬ್ಲಾಕ್ ಎರಕಕ್ಕೆ ಕೈಹಾಕಿದರು. ಮೊದಮೊದಲು ಎರಕಗಳು ಒಂದರ ಮೇಲೊಂದು ಹಾಳಾದವು. ಬ್ಲಾಕಿನ ಒಳಗೆ ನೀರು ಹರಿಯುವ ಪೊಳ್ಳು ದಾರಿಗಳು ಮಗ್ಗದ ಚೌಕಟ್ಟಿನಲ್ಲಿ ಇಲ್ಲವಲ್ಲ. ಕೊನೆಗೆ ಹಿಡಿತ ಸಿಕ್ಕಿತು. 1937ರಲ್ಲಿ ಕಾರಿನ ಕಂಪನಿ ಬೇರೆಯಾಯಿತು. ದೋಷ ಕಂಡರೆ ಇಡೀ ಸಾಲನ್ನೇ ನಿಲ್ಲಿಸುವ ಅಧಿಕಾರ ಕೆಲಸಗಾರನಿಗೇ ಇರಬೇಕೆಂದು ಟೊಯೋಟಾ ಇಟ್ಟುಕೊಂಡ ಪದ್ಧತಿಯನ್ನು ಇಂದು ಜಗತ್ತಿನ ಕಾರ್ಖಾನೆಗಳೆಲ್ಲ ಪಾಠವಾಗಿ ಓದುತ್ತವೆ. ಅದು ಕಡಿದ ಎಳೆಗೆ ನಿಲ್ಲುವ ಮಗ್ಗದ ವಿದ್ಯೆಯೇ.

ಸಾಕಿಚಿಗಿಂತ ಎರಡು ವರ್ಷ ಚಿಕ್ಕವರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಚಿತ್ರಕಾರರಾಗಬೇಕೆಂದು ಮುಂಬಯಿಯ ಕಲಾಶಾಲೆಗೆ ಸೇರಿದರು. ಕೆಲವು ಬಣ್ಣಗಳು ಅವರ ಕಣ್ಣಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಚಿತ್ರಕಲೆಯನ್ನು ಬಿಡಬೇಕಾಯಿತು. ಬಣ್ಣ ಹೋದರೂ ಗೆರೆ ಉಳಿಯಿತು. ಆ ಗೆರೆಯನ್ನು ಹಿಡಿದುಕೊಂಡು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ಮುಂಬಯಿಯಲ್ಲೇ ಅದನ್ನು ಕಲಿಸುವ ಮೇಷ್ಟರಾದರು. ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಹೆದರಿದ್ದರಿಂದ ಮೊದಲ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷ ಹಿಡಿಯಿತು. ಈ ಎರಡು ವರ್ಷಗಳನ್ನು ನೀವು ಮರೆಯಬೇಡಿ. ಅಷ್ಟರ ಮೇಲೆ ಬೆಳಗಾವಿಯಲ್ಲಿ ಊರು ಬೆಳೆಸಲು ಅವರ ವರ್ಕ್‌ಶಾಪಿನ ಜಾಗವನ್ನೇ ತೆರವು ಮಾಡಿಸಿದರು. ಔಂಧ್ ಸಂಸ್ಥಾನದ ರಾಜರು ಕುಂಡಲ ರೋಡ್ ರೈಲ್ವೆ ನಿಲ್ದಾಣದ ಬಳಿ ಕಳ್ಳಿ ಬೆಳೆದ ಬರಡು ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರ್‌ವಾಡಿ ಹುಟ್ಟಿತು. ನೇಗಿಲಿಗಾಗಿ ಕಲಿತ ಎರಕದ ವಿದ್ಯೆ ಪಂಪಿಗೆ, ಎಂಜಿನ್ನಿಗೆ ಹರಿಯಿತು. 1941ರಲ್ಲಿ ಹರಿಹರದಲ್ಲಿ ಲೇತಿನ ಕಾರ್ಖಾನೆಯಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನ ಕಂಪನಿಯಾಯಿತು. ನಿಮ್ಮ ಟೂಲ್ ರೂಮಿನಲ್ಲಿ ನಿಂತಿರುವ ಲೇತ್ ಆ ನೇಗಿಲಿನ ವಂಶದ್ದು.

ಆಹಾರದ ವ್ಯಾಪಾರದಲ್ಲಿ ಇಂಥ ಉದಾಹರಣೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಎಂಟಿಆರ್‌ನವರು ರವೆಯಿಂದ ಇಡ್ಲಿ ಮಾಡಿದರು. ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಯ ಬೆಲೆಯನ್ನು ಸರ್ಕಾರ ಇಳಿಸಿದಾಗ, ರುಚಿ ಇಳಿಸಲು ಮನಸ್ಸಿಲ್ಲದೆ ಹೋಟೆಲ್ ಮುಚ್ಚಿ, ಅದೇ ಅಡುಗೆಯವರ ಕೈಯ ಅಳತೆಯನ್ನು ಪುಡಿಯ ಪೊಟ್ಟಣಗಳಲ್ಲಿ ತುಂಬಿ ಮಾರಿದರು.

ನಿಮ್ಮ ಮಗಳಿಗೆ ಒಂದೇ ಒಂದು ಕಥೆ ಹೇಳುವುದಾದರೆ ಕಿರಣ್ ಮಜುಂದಾರ್ ಶಾ ಅವರದನ್ನು ಹೇಳಿ, ಆದರೆ ಕೋರಮಂಗಲದ ಬಾಡಿಗೆ ಮನೆಯ ಗ್ಯಾರೇಜು, 10,000 ರೂಪಾಯಿ ಬಂಡವಾಳ ಎಂಬಲ್ಲಿಂದ ಶುರುಮಾಡಬೇಡಿ. ಬಿಯರಿನಿಂದ ಶುರುಮಾಡಿ. ಅವರು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಆಸ್ಟ್ರೇಲಿಯಾದ ಬ್ಯಾಲರಾಟ್‌ನಲ್ಲಿ ಬಿಯರ್ ತಯಾರಿಕೆಯನ್ನು ಕಲಿತು ಬಂದವರು. ತರಗತಿಯಲ್ಲಿ ಅವರೊಬ್ಬರೇ ಹೆಣ್ಣು. ತಂದೆಯೂ ಅದೇ ವೃತ್ತಿಯವರು. ಇಲ್ಲಿಗೆ ಬಂದಾಗ ಹೆಂಗಸಿಗೆ ಆ ಕೆಲಸ ಕೊಡುವುದಕ್ಕೆ ಬ್ರೂವರಿಗಳು ಸಿದ್ಧವಿರಲಿಲ್ಲ. ಅಷ್ಟರಲ್ಲಿ ಐರ್ಲೆಂಡಿನ ಕಾರ್ಕ್ ಊರಿನ ಬಯೋಕಾನ್ ಬಯೋಕೆಮಿಕಲ್ಸ್ ಕಂಪನಿಗೆ ಭಾರತದಿಂದ ಎರಡು ವಸ್ತುಗಳು ಬೇಕಾಗಿದ್ದವು. ಒಂದು, ಹಸಿರು ಪರಂಗಿಕಾಯಿಗೆ ಗೀರು ಹಾಕಿದಾಗ ಒಸರುವ ಹಾಲಿನಿಂದ ತೆಗೆಯುವ ಪಪೈನ್ ಎಂಬ ಕಿಣ್ವ. ಇನ್ನೊಂದು, ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್. ಬಿಯರನ್ನು ತಂಪು ಮಾಡಿದಾಗ ಅದರಲ್ಲಿನ ಪ್ರೋಟೀನು ಮಂಜಿನಂತೆ ಕಟ್ಟಿ ಬಣ್ಣ ಮಸುಕಾಗುತ್ತದೆ; ಪಪೈನ್ ಆ ಪ್ರೋಟೀನನ್ನು ಕತ್ತರಿಸುತ್ತದೆ. ಐಸಿಂಗ್ಲಾಸ್ ತೇಲುವ ಯೀಸ್ಟನ್ನು ತಳಕ್ಕೆ ಇಳಿಸುತ್ತದೆ. ಬಿಯರ್ ಬಲ್ಲವರಿಗೆ ಇದು ಮನೆಯ ಮಾತು. ಕೆಲಸ ಕೊಡದ ಉದ್ಯಮಕ್ಕೆ ಸಾಮಾನು ಒದಗಿಸುವವರಾಗಿ ಅವರು 1978ರಲ್ಲಿ, 25ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಬಯೋಕಾನ್ ಆರಂಭಿಸಿದರು.

ಕೊಂಡು ಶುದ್ಧಮಾಡಿ ಕಳಿಸುತ್ತಿದ್ದ ಕಿಣ್ವಗಳ ಜೊತೆಗೆ, ಸೂಕ್ಷ್ಮಜೀವಿಗಳನ್ನು ಹುದುಗಿಸಿ ಪಡೆಯುವ ಕಿಣ್ವಗಳನ್ನೂ ಮಾಡತೊಡಗಿದರು. ಹುದುಗಿಸುವುದೆಂದರೆ ಬಿಯರಿನ ಕಸುಬೇ: ತೊಟ್ಟಿಯ ಶಾಖ, ಗಾಳಿ, ಹುಳಿ, ಶುಚಿತ್ವಗಳನ್ನು ಗಳಿಗೆ ಗಳಿಗೆಗೂ ಕಾಯುವುದು. ಅಲ್ಲಿಂದ ಔಷಧಗಳಿಗೆ, ಔಷಧದಿಂದ 2004ರಲ್ಲಿ ಮಾರುಕಟ್ಟೆಗೆ ಬಂದ ಇನ್ಸುಲಿನ್‌ಗೆ. ಆ ಇನ್ಸುಲಿನ್ ತಯಾರಾಗುವುದು ಪಿಕಿಯಾ ಎಂಬ ಯೀಸ್ಟಿನಲ್ಲಿ. ಬಿಯರಿನದು ಒಂದು ಯೀಸ್ಟ್, ಇನ್ಸುಲಿನ್ನಿನದು ಇನ್ನೊಂದು. 26 ವರ್ಷಗಳಲ್ಲಿ ಮಾರುವ ವಸ್ತು ಎಷ್ಟೋ ಸಲ ಬದಲಾಯಿತು. ತೊಟ್ಟಿಯ ಮುಂದೆ ನಿಂತು ಯೀಸ್ಟನ್ನು ಸಾಕುವ ವಿದ್ಯೆ ಬದಲಾಗಲಿಲ್ಲ.

ಸೋತವರ ಕಥೆಯನ್ನೂ ಹೇಳದಿದ್ದರೆ ನಾನು ನಿಮಗೆ ಮೋಸ ಮಾಡಿದಂತಾಗುತ್ತದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಆರಂಭಿಸಿತು. ನಮ್ಮ ತಂದೆಯವರು ಬೆಳಗಿನ ಕಾಫಿಗೆ ಮೊದಲು ಜನತಾ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಕೀಲಿಯ ಗಡಿಯಾರದಲ್ಲಿ ನೂರಕ್ಕೂ ಹೆಚ್ಚು ಬಿಡಿಭಾಗಗಳಿರುತ್ತವೆ. ಅವುಗಳನ್ನು ಮಾಡುವ, ಜೋಡಿಸುವ ಕೈಚಳಕ ಎಚ್‌ಎಂಟಿಯ ದೊಡ್ಡ ಆಸ್ತಿ. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರ ಬಂದಾಗ ಅದರೊಳಗೆ ಚಲಿಸುವ ಭಾಗಗಳೇ ಕಡಿಮೆ. ನಿಮ್ಮ ಪೆಟ್ರೋಲ್ ಎಂಜಿನ್ನಿಗೂ ವಿದ್ಯುತ್ ಮೋಟಾರಿಗೂ ಇರುವ ವ್ಯತ್ಯಾಸವನ್ನು ನೆನೆಯಿರಿ, ಇದು ಅದೇ. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ ಅದರ ಬಲವೆಲ್ಲ ಕೀಲಿಯ ಗಡಿಯಾರದಲ್ಲೇ ಉಳಿಯಿತು. 1980ರ ದಶಕದಲ್ಲಿ ಹೊಸೂರಿನಲ್ಲಿ ಎದ್ದ ಟೈಟಾನ್ ಕ್ವಾರ್ಟ್ಜನ್ನೇ ನೆಚ್ಚಿ ಮಾರುಕಟ್ಟೆ ಹಿಡಿಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅತಿಸೂಕ್ಷ್ಮ ಬಿಡಿಭಾಗ ಮಾಡುವ ಕಲೆಗೆ ಬೆಲೆ ಹೋಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಟೈಟಾನೇ: ಗಡಿಯಾರದ ಅಚ್ಚು, ಉಪಕರಣಗಳಿಗಾಗಿ ಕಟ್ಟಿಕೊಂಡ ಕೌಶಲವನ್ನೇ ಹಿಡಿದು ಅದು ವಿಮಾನಗಳ ಬಿಡಿಭಾಗ, ಕಾರ್ಖಾನೆಗಳ ಸ್ವಯಂಚಾಲಿತ ಯಂತ್ರಗಳನ್ನು ಮಾಡುವ ಬೇರೆ ವ್ಯವಹಾರವನ್ನೇ ಬೆಳೆಸಿತು. ಕಸುಬು ಎರಡು ಕಡೆಯೂ ಇತ್ತು. ಕಸುಬನ್ನು ವಸ್ತುವಿನಿಂದ ಬಿಡಿಸಿ ನೋಡಿದ್ದು ಒಂದು ಕಡೆ ಮಾತ್ರ.

ಹಾಗಾದರೆ ನಿಮ್ಮ ಕಸುಬು ಯಾವುದು? ವಾಲ್ವ್ ಗೈಡ್ ಎಂದು ಹೇಳಬೇಡಿ. ಅದು ನೀವು ಮಾರುವ ವಸ್ತು. ವಾಲ್ವಿನ ಕಡ್ಡಿ ಲಕ್ಷಾಂತರ ಸಲ ಮೇಲೆ ಕೆಳಗೆ ಜಾರಿದರೂ ಸವೆಯದ, ಎಣ್ಣೆ ಸೋರದ ಸಣ್ಣ ಕೊಳವೆ ಅದು. ಅಂದರೆ ಕಿರಿದಾದ ರಂಧ್ರವನ್ನು ನೇರವಾಗಿ, ನುಣುಪಾಗಿ, ಹೊರಮೈಗೆ ಸರಿಯಾಗಿ ಏಕಕೇಂದ್ರದಲ್ಲಿ, ಮೈಕ್ರಾನ್‌ಗಳ ಲೆಕ್ಕದಲ್ಲಿ ಕೊರೆಯುವುದು, ಎರಕದ ಕಬ್ಬಿಣ ಮತ್ತು ಕಂಚಿನ ಸ್ವಭಾವ ತಿಳಿದಿರುವುದು, ಸಾವಿರ ಬಿಡಿಭಾಗ ಮಾಡಿದರೂ ಗೇಜಿನಲ್ಲಿ ಒಂದೂ ತಪ್ಪದಂತೆ ನೋಡಿಕೊಳ್ಳುವುದು, ಇವು ನಿಮ್ಮ ಕಸುಬು. ಹೈಡ್ರಾಲಿಕ್ ವಾಲ್ವಿನ ಸ್ಲೀವ್, ಪಂಪಿನ ಬುಷ್, ಕಂಪ್ರೆಸರಿನ ಭಾಗಗಳು, ಜವಳಿ ಯಂತ್ರದ ಗೈಡ್‌ಗಳು ಕೇಳುವುದು ಇದನ್ನೇ. ಮಗಳನ್ನು ಒಂದು ವಾರ ಶಾಪಿನಲ್ಲಿ ಕೂರಿಸಿ ನಿಮ್ಮ ಫಿಟ್ಟರುಗಳ ಕೈಗೆ ಏನೇನು ಬರುತ್ತದೆ ಎಂದು ವಸ್ತುಗಳ ಹೆಸರೇ ಬಾರದಂತೆ ಬರೆಯಲು ಹೇಳಿ. ಅವಳು ಓದುತ್ತಿರುವ ವಿದ್ಯೆಗೆ ಅಲ್ಲಿ ಕೆಲಸವಿದೆ. ಅಮೆರಿಕದ ವಿಮಾನಗಳು ಹಿಂತಿರುಗಿ ಹೋದ ದಿನ ಎಚ್‌ಎಎಲ್ ಮಾಡಿದ ಲೆಕ್ಕವೂ ಬಹುಶಃ ಇದೇ.

ಆದರೆ ಶಾಪನ್ನು ಮಾರಬೇಡಿ, ಬರುತ್ತಿರುವ ಆರ್ಡರನ್ನೂ ಬಿಡಬೇಡಿ. ಹೊಸ ಗಿರಾಕಿ ನಿಮ್ಮ ಮಾದರಿ ತುಂಡನ್ನು ಪರೀಕ್ಷಿಸಿ, ಒಪ್ಪಿ, ಮೊದಲ ಆರ್ಡರ್ ಕೊಟ್ಟು, ಬಿಲ್ಲಿನ ಹಣ ಕೈಗೆ ಬರುವ ಹೊತ್ತಿಗೆ ಕಿರ್ಲೋಸ್ಕರರ ನೇಗಿಲಿನಂತೆ ಎರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಆ ಎರಡು ವರ್ಷ ಹನ್ನೆರಡು ಮನೆಗಳ ಸಂಬಳ ಹುಟ್ಟಬೇಕಾದದ್ದು ವಾಲ್ವ್ ಗೈಡಿನಿಂದಲೇ. ಟೊಯೋಡಾ ಮನೆತನವೂ ಹಾಗೆಯೇ ಮಾಡಿತು. ಬಿಡದಿಯಲ್ಲಿ ಕಿರ್ಲೋಸ್ಕರ್ ಜೊತೆಗೂಡಿ 1997ರಲ್ಲಿ ಕಾರಿನ ಕಂಪನಿ ಕಟ್ಟುವುದಕ್ಕೆ ಎರಡು ವರ್ಷ ಮೊದಲು, 1995ರಲ್ಲಿ, ಅದೇ ಎರಡು ಮನೆತನಗಳು ಬೆಂಗಳೂರಿನಲ್ಲಿ ಸೇರಿದ್ದು ಜವಳಿ ಯಂತ್ರ ಮಾಡುವುದಕ್ಕೆ. ಸಾಕಿಚಿ ಕಟ್ಟಿದ ಮಗ್ಗದ ಕಂಪನಿ ಈಗಲೂ ಮಗ್ಗಗಳನ್ನು ಮಾಡಿ ಮಾರುತ್ತಿದೆ.